ಕಟ್ಟಿದ ನೀರಿನ ದಡದಲ್ಲಿ ಹತ್ತು ವರ್ಷ

2016ರ ಏಪ್ರಿಲ್ 12ರಂದು ಮಿರಜದಿಂದ ಹೊರಟ ನೀರಿನ ರೈಲು ಲಾತೂರು ಮುಟ್ಟಿತು. ಹತ್ತು ವ್ಯಾಗನ್‌ಗಳಲ್ಲಿ ಐದು ಲಕ್ಷ ಲೀಟರ್ ಕೃಷ್ಣೆಯ ನೀರು. ಮುಂದೆ ವ್ಯಾಗನ್‌ಗಳ ಸಂಖ್ಯೆ ಐವತ್ತಕ್ಕೇರಿತು. ಒಂದು ಖೇಪಿಗೆ 25 ಲಕ್ಷ ಲೀಟರ್ ಬರತೊಡಗಿತು. ಊರಿಗೆ ನೀರು ಕೊಡುತ್ತಿದ್ದ ಧನೇಗಾಂವದ ಮಾಂಜರಾ ಜಲಾಶಯ ಬತ್ತಿಹೋಗಿತ್ತು. ಟಾಕಿಗಳ ಬಳಿ ಬಡಿದಾಟ ಆಗದಿರಲಿ ಎಂದು ಜಿಲ್ಲಾಡಳಿತ 144ನೇ ಕಲಮು ಜಾರಿ ಮಾಡಿತ್ತು. ರೈಲು ನೀರು ಹೊತ್ತು ತಂದ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು. ಅದೇ ಜಿಲ್ಲೆಯ ನಿಲಂಗಾ, ಉದಗೀರ ಮತ್ತು ಪಕ್ಕದ ಧಾರಾಶಿವ ಜಿಲ್ಲೆಯ ಉಮರ್ಗಾ ತಾಲೂಕಿನ ಹಳ್ಳಿಗಳಲ್ಲಿ ಟ್ಯಾಂಕರಿನ ದಾರಿ ಕಾಯುತ್ತ ಕೊಡ ಸಾಲಿಗಿಟ್ಟವರ ಬೇಸಿಗೆ ಅಷ್ಟಾಗಿ ಸುದ್ದಿಯಾಗಲಿಲ್ಲ.

ಅಂದಿನಿಂದ ಒಂದು ದಶಕ ಕಳೆದಿದೆ. ಈ ಕರ್ನಾಟಕ–ಮಹಾರಾಷ್ಟ್ರ ಗಡಿನಾಡಿನ ಬದುಕಿನಲ್ಲಿ ಏನೇನು ಬದಲಾಯಿತು ಎಂದು ಲೆಕ್ಕ ಹಾಕಲು ಹಲವು ದಾರಿಗಳಿವೆ. ಬೆಳೆಯ ಲೆಕ್ಕ, ಸಾಲದ ಲೆಕ್ಕ, ಪುಣೆ–ಹೈದರಾಬಾದಿಗೆ ಗುಳೆ ಹೋದವರ ಲೆಕ್ಕ ಎಲ್ಲವೂ ಬೇಕು. ಈ ಬಾರಿ ನಾವು ಬೇರೊಂದು ಲೆಕ್ಕ ತೆಗೆಯುತ್ತಿದ್ದೇವೆ. ದೀಪಾವಳಿಗೋ ಬೇಸಿಗೆಗೋ ಎರಡು ದಿನ ಬಿಡುವು ಸಿಕ್ಕರೆ ನಮ್ಮ ಜನ ಎಲ್ಲಿಗೆ ಹೋಗುತ್ತಾರೆ? ಮಳೆಗಾಲದ ಭಾನುವಾರ ನಳದುರ್ಗದ ಕೋಟೆಯಲ್ಲಿ, ಸಂಕ್ರಾಂತಿಗೆ ಸೋಲಾಪುರದ ಸಿದ್ಧೇಶ್ವರ ಕೆರೆಯ ದಂಡೆಯಲ್ಲಿ, ಬಸವ ಜಯಂತಿಯ ಹೊತ್ತಿಗೆ ಬಸವಕಲ್ಯಾಣದ ತ್ರಿಪುರಾಂತ ಕೆರೆಯ ಬದಿಯಲ್ಲಿ ನಿಂತು ನೋಡಿದರೆ ಉತ್ತರ ತಿಳಿಯುತ್ತದೆ. ನೀರಿಗಾಗಿ ಅಲೆದ ಸೀಮೆಯ ಜನ ನೀರು ನೋಡಲು ಹೋಗುತ್ತಾರೆ. ಮಕ್ಕಳನ್ನು ದೋಣಿಯಲ್ಲಿ ಕೂರಿಸಬೇಕು ಎಂದು ಆಸೆಪಡುತ್ತಾರೆ. ಈ ಆಸೆಯನ್ನು ನಾವು ಗೌರವದಿಂದ ಕಾಣುತ್ತೇವೆ. ಅದನ್ನು ಪೂರೈಸುವ ಹೊಣೆ ಯಾರದು, ಹತ್ತು ವರ್ಷಗಳಲ್ಲಿ ಆ ಹೊಣೆ ಎಷ್ಟು ತೀರಿತು ಎಂಬುದೇ ಈ ಬರಹದ ವಿಷಯ.

ನಿಲಂಗಾ, ಉದಗೀರ, ಅಹಮದಪುರ ಈ ಮೂರೂ ತಾಲೂಕುಗಳು 1956ರ ಅಕ್ಟೋಬರ್ 31ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಮರುದಿನ ರಾಜ್ಯಗಳ ಪುನರ್‌ವಿಂಗಡಣೆ ಜಾರಿಗೆ ಬಂತು. ಬೀದರ, ಭಾಲ್ಕಿ, ಹುಮನಾಬಾದ್ ಮೈಸೂರಿಗೆ ಸೇರಿದವು. ನಿಲಂಗಾ, ಉದಗೀರ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಲಾತೂರು ಪ್ರತ್ಯೇಕ ಜಿಲ್ಲೆಯಾದದ್ದು 1982ರಲ್ಲಿ. ಗೆರೆ ಎಳೆದವರು ಭಾಷೆಯ ಲೆಕ್ಕ ನೋಡಿದರು. ಮಾಂಜರಾ ನದಿ, ತೇರಣಾ ನದಿ, ಮದುವೆ ಸಂಬಂಧಗಳು, ಮಠದ ನಂಟು, ಸಂತೆಯ ದಾರಿ ಯಾವುವೂ ಆ ಗೆರೆಗೆ ಹೊಂದಿಕೊಳ್ಳಲಿಲ್ಲ. ಇಂದಿಗೂ ಕಾಸಾರಸಿರಸಿ, ಔರಾದ ಶಹಾಜನಿ, ಮುರೂಮ ಸುತ್ತಿನ ಮನೆಗಳಲ್ಲಿ ಕನ್ನಡ, ಮರಾಠಿ, ದಖನಿ ಮೂರೂ ಒಂದೇ ಅಂಗಳದಲ್ಲಿ ಓಡಾಡುತ್ತವೆ. ರಾಷ್ಟ್ರಕೂಟರು ತಮ್ಮನ್ನು ಲತ್ತಲೂರು ಪುರವರಾಧೀಶ್ವರರೆಂದು ಕರೆದುಕೊಂಡರು. ಆ ಲತ್ತಲೂರೇ ಇಂದಿನ ಲಾತೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ನಿಲಂಗಾದ ನೀಲಕಂಠೇಶ್ವರ ಗುಡಿ ಕಲ್ಯಾಣದ ಅರಸರ ಕಾಲದ ಶಿಲ್ಪಪರಂಪರೆಗೆ ಸೇರಿದ್ದು. ಹೀಗಾಗಿ ಇಲ್ಲಿಯವರಿಗೆ ಕಲ್ಯಾಣಕ್ಕೆ (ಇಂದಿನ ಬಸವಕಲ್ಯಾಣ), ಸೊನ್ನಲಿಗೆಗೆ (ಇಂದಿನ ಸೋಲಾಪುರ) ಹೋಗುವುದು ಪರಸ್ಥಳಕ್ಕೆ ಹೋದಂತಲ್ಲ, ಬೀಗರೂರಿಗೆ ಹೋದಂತೆ.

ಹಿಂದಿನ ತಲೆಮಾರಿನವರಿಗೆ ಪ್ರವಾಸ ಎಂದರೆ ಜಾತ್ರೆ. ಬುತ್ತಿ ಕಟ್ಟಿಕೊಂಡು, ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತುಳಜಾಪುರಕ್ಕೋ ಗಾಣಗಾಪುರಕ್ಕೋ ಹೋಗಿ ಬಂದರೆ ಆ ವರ್ಷದ ತಿರುಗಾಟ ಮುಗಿಯಿತು. ಶಾಲೆಯ ಸಹಲ್ (ಪ್ರವಾಸ) ಬಂದ ಮೇಲೆ ಮಕ್ಕಳ ಬಾಯಲ್ಲಿ ಮಹಾಬಳೇಶ್ವರದ ಹೆಸರು ಬಂತು. ರಾತ್ರಿಯಿಡೀ ಎಸ್‌ಟಿ ಬಸ್ಸಿನಲ್ಲಿ ಕುಳಿತು, ಪ್ರತಾಪಗಡ ನೋಡಿ, ವೇಣ್ಣಾ ಕೆರೆಯಲ್ಲಿ ದೋಣಿ ಹತ್ತಿ ಬಂದ ಮಗು ವರ್ಷವಿಡೀ ಅದನ್ನೇ ಹೇಳುತ್ತಿತ್ತು. ಕೈಯಲ್ಲಿ ನಾಲ್ಕು ಕಾಸು ಆಡುವ ಮನೆಗಳವರು ಊಟಿ, ಕೊಡೈಕನಾಲಿಗೂ ಹೋಗಿ ಬಂದರು. ಬಂದವರ ಮಾತಿನಲ್ಲಿ ಒಂದು ಹಳಹಳಿ ಇರುತ್ತಿತ್ತು. ದೇವರು ಅವರಿಗೆ ಕೆರೆ ಕೊಟ್ಟ, ನಮಗೆ ಕರಿಮಣ್ಣು ಕೊಟ್ಟ ಎಂಬ ಹಳಹಳಿ.

ಈ ಮಾತನ್ನು ತಿದ್ದಬೇಕಾಗಿದೆ. ಆ ಮೂರೂ ಊರುಗಳ ಕೆರೆಗಳು ಮನುಷ್ಯರು ಕಟ್ಟಿದವು. ಊಟಿಯ ಕೆರೆಯನ್ನು ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1820ರ ದಶಕದಲ್ಲಿ ಕಟ್ಟಿಸಿದ. ವೇಣ್ಣಾ ಕೆರೆಯನ್ನು ಸಾತಾರೆಯ ಅಪ್ಪಾಸಾಹೇಬ ಮಹಾರಾಜರು 1842ರಲ್ಲಿ ಕಟ್ಟಿಸಿದರು. ಕೊಡೈಕನಾಲಿನದು 1863ರಲ್ಲಿ, ಮದುರೆಯ ಕಲೆಕ್ಟರ್ ಆಗಿದ್ದ ಲೆವಿಂಜ್ ಕಟ್ಟಿಸಿದ್ದು. ಯಾವುದಕ್ಕೂ ಎರಡೂಕಾಲು ನೂರು ವರ್ಷ ತುಂಬಿಲ್ಲ. ನಮ್ಮ ಸುತ್ತಲಿನ ನೀರು ಅವಕ್ಕಿಂತ ಬಹಳ ಹಳೆಯದು. ನಳದುರ್ಗದ ಕಟ್ಟೆಗೆ ನಾಲ್ಕು ಶತಮಾನ ದಾಟಿದೆ. ಸೊನ್ನಲಿಗೆಯ ಕೆರೆಗೆ ಎಂಟು ಶತಮಾನಕ್ಕೂ ಮಿಕ್ಕ ಚರಿತ್ರೆಯಿದೆ. ಕೆರೆದಂಡೆಯ ಊರು ಎನಿಸಿಕೊಳ್ಳುವ ಹಕ್ಕು ಬೆಟ್ಟದ ಮೇಲಿನ ತಂಪು ಊರುಗಳಿಗಷ್ಟೇ ಸೇರಿದ್ದಲ್ಲ. ಕಟ್ಟಿದ್ದನ್ನು ಕಾಯ್ದುಕೊಂಡವರೆಲ್ಲರಿಗೂ ಅದು ಸಲ್ಲುತ್ತದೆ.

ನಳದುರ್ಗದಿಂದಲೇ ಲೆಕ್ಕ ಶುರುಮಾಡೋಣ. ಸೋಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಉಮರ್ಗಾದಿಂದ ಪಶ್ಚಿಮಕ್ಕೆ ಹೊರಟರೆ ಈ ಕೋಟೆ ಸಿಗುತ್ತದೆ. ಬೋರಿ ನದಿಯನ್ನು ಕೋಟೆಯೊಳಗೇ ತಡೆದು ನಿಲ್ಲಿಸಿದ್ದಾರೆ. ಮುಖ್ಯ ಕೋಟೆಗೂ ಎದುರಿನ ರಣಮಂಡಲ ಎಂಬ ಕಿರುಕೋಟೆಗೂ ನಡುವೆ ಕಲ್ಲಿನ ಕಟ್ಟೆ, ಸುಮಾರು 90 ಅಡಿ ಎತ್ತರ. ಕಟ್ಟೆಯ ಹೊಟ್ಟೆಯಲ್ಲೇ ಪಾಣಿಮಹಲ್ ಎಂಬ ಅರಮನೆ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, 1613ರಲ್ಲಿ ಆದ ಕೆಲಸ ಇದು. ಮಳೆಗಾಲದಲ್ಲಿ ನೀರು ಎರಡು ಕೋಡಿಗಳಿಂದ ಧುಮುಕುತ್ತದೆ. ಜನ ಅವನ್ನು ನರ, ಮಾದಿ ಎನ್ನುತ್ತಾರೆ. ಪಾಣಿಮಹಲಿನ ಕಿಟಕಿಯಲ್ಲಿ ನಿಂತವರ ಕಣ್ಣೆದುರೇ ನೀರಿನ ಪರದೆ ಬೀಳುತ್ತಿರುತ್ತದೆ, ಒಳಗಿನ ಕೋಣೆ ಒಣಗಿಯೇ ಇರುತ್ತದೆ. ಕಾವಲಿಗೆ ಬೇಕಾದ ಕಟ್ಟೆಯಲ್ಲೇ ಕುಡಿಯುವ ನೀರನ್ನೂ ಕಣ್ಣಿಗೆ ಹಬ್ಬವನ್ನೂ ಕೂಡಿಸಿದ ಆ ಕಸಬುದಾರರ ಜಾಣ್ಮೆಗೆ ನಾವು ತಲೆಬಾಗುತ್ತೇವೆ.

ಆದಿಲ್‌ಶಾಹಿಗಳಿಗೆ ನೀರಿನ ಸೊಬಗು ಗೊತ್ತಿತ್ತು. ವಿಜಯಪುರದ ಪೂರ್ವಕ್ಕಿರುವ ಕುಮಟಗಿಯಲ್ಲಿ ಕೆರೆಯ ದಂಡೆಯಲ್ಲೇ ವಿಹಾರದ ಮಂಟಪಗಳನ್ನು ಕಟ್ಟಿಸಿ, ಕಾರಂಜಿ ಹಾರಿಸಿ, ಗೋಡೆಗಳಿಗೆ ಚಿತ್ರ ಬರೆಸಿದವರು ಅವರು. ಆದರೆ ಆ ವಿಹಾರ ಅರಸರದಾಗಿತ್ತು. 1853ರಲ್ಲಿ ನಳದುರ್ಗ ಜಿಲ್ಲೆಯ ಆಡಳಿತ ನೋಡಲು ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕೋಟೆಯಲ್ಲೇ ವಾಸವಿದ್ದ. ಆಗಲೂ ಈ ನೀರಿನ ನೋಟ ಅಧಿಕಾರಿಗೆ, ಅವನ ಅತಿಥಿಗಳಿಗೆ. ಉಮರ್ಗಾದ ಹಮಾಲ, ನಿಲಂಗಾದ ಸೋಯಾಬೀನ್ ರೈತ, ಉದಗೀರದ ದರ್ಜಿ ತಮ್ಮ ಹೆಂಡತಿ ಮಕ್ಕಳೊಂದಿಗೆ ಟಿಕೆಟ್ ತೆಗೆದು ಆ ಕಿಟಕಿಯಲ್ಲಿ ನಿಲ್ಲುವ ಕಾಲ ನಮ್ಮದು. ಮಹಾರಾಷ್ಟ್ರ ಸರ್ಕಾರ ಕೋಟೆಯ ನಿರ್ವಹಣೆಯನ್ನು ಸೋಲಾಪುರದ ಖಾಸಗಿ ಸಂಸ್ಥೆಯೊಂದಕ್ಕೆ ಒಪ್ಪಿಸಿದ ಮೇಲೆ ತೋಟ ಬೆಳೆಯಿತು, ದಾರಿ ಆಯಿತು, ಬೋರಿಯ ನೀರಿನಲ್ಲಿ ದೋಣಿವಿಹಾರವೂ ಬಂತು. ಈ ದಶಕದ ಗಳಿಕೆಗಳಲ್ಲಿ ನಾವು ಇದನ್ನು ಮೊದಲು ಬರೆಯುತ್ತೇವೆ. ಅರಸರಿಗಾಗಿ ಕಟ್ಟಿದ ನೀರು ಈಗ ಎಲ್ಲರ ಕಣ್ಣಿಗೂ ಸಿಕ್ಕಿದೆ.

ಗಳಿಕೆಯ ಪಕ್ಕದಲ್ಲೇ ಒಂದು ಮಾತು ಬರೆಯಬೇಕು. ನರ–ಮಾದಿ ಧುಮುಕುವುದು ಮಳೆ ಚೆನ್ನಾಗಿ ಆದರೆ ಮಾತ್ರ. ಬೋರಿ ಬತ್ತಿದರೆ ದೋಣಿ ದಂಡೆಗೆ ಬೀಳುತ್ತದೆ, ಅದನ್ನೇ ನಂಬಿ ಚಹಾದ ಅಂಗಡಿ ಇಟ್ಟವರು, ಮೆಕ್ಕೆಜೋಳದ ತೆನೆ ಸುಡುವವರು ಬೇರೆ ಕೂಲಿ ಹುಡುಕುತ್ತಾರೆ. ಅದೇ ಬೋರಿ ಮುಂದೆ ಅಕ್ಕಲಕೋಟೆಯ ಕಡೆ ಹರಿದು, ಕುರನೂರು ಅಣೆಕಟ್ಟನ್ನು ತುಂಬಿಸಿ, ಭೀಮೆಯನ್ನು ಸೇರುತ್ತದೆ. ಅಲ್ಲಿನ ಕನ್ನಡದ ಊರುಗಳಿಗೆ ಅದು ಕುಡಿಯುವ ನೀರು, ಕಬ್ಬಿನ ನೀರು. ಮೇಲೆ ನೀರು ಹಿಡಿದಿಟ್ಟು ವಿಹಾರ ನಡೆಸುವವರಿಗೂ ಕೆಳಗೆ ಕಾಯುವವರಿಗೂ ನಡುವೆ ಒಂದು ಒಪ್ಪಂದ ಇರಬೇಕು. ಅದು ಯಾವ ಪ್ರವಾಸೋದ್ಯಮ ಯೋಜನೆಯ ಕಡತದಲ್ಲೂ ಮುಖ್ಯ ವಿಷಯವಾಗಿ ಬರುವುದನ್ನು ನಾವು ಕಾಣಲಿಲ್ಲ.

ಸೋಲಾಪುರದ ಕತೆ ಇದಕ್ಕಿಂತ ಹಿಂದಿನದು, ನಮ್ಮ ಮನಸ್ಸಿಗೆ ಇನ್ನೂ ಹತ್ತಿರದ್ದು. ಹನ್ನೆರಡನೆಯ ಶತಮಾನದ ಸೊನ್ನಲಿಗೆಯಲ್ಲಿ ಮುದ್ದುಗೌಡ, ಸುಗ್ಗಲೆಯರ ಮಗ ಸಿದ್ಧರಾಮ ಜನರನ್ನು ಕೂಡಿಸಿ ಕೆರೆ ತೋಡಿಸಿದ, 68 ಲಿಂಗಗಳನ್ನು ನೆಲೆಗೊಳಿಸಿದ. ಶೂನ್ಯಸಂಪಾದನೆಯ ಪ್ರಕಾರ ಅಲ್ಲಮಪ್ರಭು ಅಲ್ಲಿಗೆ ಬಂದಾಗ ಕೆರೆಯ ಕೆಲಸ ನಡೆದಿತ್ತು. ಒಡ್ಡನೆಂದು ಕೆಣಕಿದ ಅಲ್ಲಮನನ್ನು ಸಿದ್ಧರಾಮನ ಶಿಷ್ಯರು ಕಲ್ಲಿನಿಂದ ಹೊಡೆದರು. ಆಮೇಲೆ ನಡೆದ ಮಾತುಕತೆ ಸಿದ್ಧರಾಮನನ್ನು ಕಲ್ಯಾಣಕ್ಕೆ ಕರೆತಂದಿತು. ಅಲ್ಲಮನು ಸಿದ್ಧರಾಮನಿಗೆ ಹೊರಗಿನ ಕೆರೆಯಿಂದ ಒಳಗಿನ ಅರಿವಿನ ಕಡೆಗೆ ದಾರಿ ತೋರಿದ. ಆದರೆ ಊರವರು ಕೆರೆಯನ್ನು ಬಿಡಲಿಲ್ಲ. ಎಂಟು ನೂರು ವರ್ಷಗಳ ಮೇಲೆಯೂ ಸಿದ್ಧೇಶ್ವರನ ಗುಡಿ ಅದೇ ನೀರಿನ ನಡುವೆ ನಿಂತಿದೆ. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ನಂದಿಧ್ವಜಗಳು ಎದ್ದಾಗ ಕನ್ನಡ, ಮರಾಠಿ, ತೆಲುಗು ಮೂರೂ ನುಡಿಯ ಜನ ಆ ದಂಡೆಯಲ್ಲಿ ಸೇರುತ್ತಾರೆ. ಜನ ತಾವೇ ಕಟ್ಟಿ, ತಾವೇ ಪೂಜಿಸಿ, ತಾವೇ ವಿಹಾರ ಮಾಡುವ ನೀರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಅದೇ ಸೋಲಾಪುರ ಇನ್ನೊಂದು ಪಾಠವನ್ನೂ ಕಲಿಸಿದೆ. ವಿಜಯಪುರ ರಸ್ತೆಯ ಬದಿಯ ಕಂಬರ ತಲಾವ, ಈಗಿನ ಸಂಭಾಜಿ ತಲಾವ, ಒಂದು ಕಾಲಕ್ಕೆ ಚಳಿಗಾಲದ ಹಕ್ಕಿಗಳಿಗೂ ಸಂಜೆಯ ತಿರುಗಾಟಕ್ಕೂ ಹೆಸರಾಗಿತ್ತು. ಊರು ಬೆಳೆಯಿತು, ಬಚ್ಚಲ ನೀರು ಕೆರೆಗೆ ಹರಿಯಿತು, ಅಂತರಗಂಗೆ ಹಬ್ಬಿತು, ದುರ್ನಾತ ಎದ್ದಿತು. ಹೂಳೆತ್ತಿ ಸ್ವಚ್ಛ ಮಾಡಲು ಕೋಟಿಗಟ್ಟಲೆ ಹಣ ಸುರಿಯಬೇಕಾಯಿತು. ತೆಗೆದ ಬಳ್ಳಿ ಮತ್ತೆ ಹಬ್ಬಿದ್ದೂ ಉಂಟು. ಹೊಲಸು ಬರುವ ಮೋರಿಯನ್ನು ತಿರುಗಿಸದೆ ದಂಡೆಗೆ ದೀಪ ಹಾಕಿದರೆ, ಹೂಗಿಡ ನೆಟ್ಟರೆ ಕೆರೆ ಉಳಿಯುವುದಿಲ್ಲ. ದೋಣಿಯ ಟಿಕೆಟ್ ಹಣ ಮೊದಲು ಹೋಗಬೇಕಾದ್ದು ಮೋರಿ ತಿರುಗಿಸುವ ಕೆಲಸಕ್ಕೆ.

ಈಗ ಕಲ್ಯಾಣ. ನಿಲಂಗಾದವರಿಗೆ ಕಾಸಾರಸಿರಸಿಯ ಮೇಲಿಂದ ಹತ್ತಿರದ ದಾರಿ. ಮೊದಲನೆಯ ಸೋಮೇಶ್ವರ ಹನ್ನೊಂದನೆಯ ಶತಮಾನದಲ್ಲಿ ಮಳಖೇಡದಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಮುಂದಿನ ಶತಮಾನದಲ್ಲಿ ಬಿಜ್ಜಳನ ಆಳಿಕೆ, ಬಸವಣ್ಣನವರ ಅನುಭವ ಮಂಟಪ. ತ್ರಿಪುರಾಂತ ಕೆರೆ ಆ ನೆನಪುಗಳ ನಡುವೆ ಮಲಗಿದೆ. ಹಗ್ಗ ಹೊಸೆದು ಜಂಗಮ ದಾಸೋಹ ಮಾಡುತ್ತಿದ್ದ ನುಲಿಯ ಚಂದಯ್ಯನವರ ಗವಿ ಅದರ ಆಸುಪಾಸಿನಲ್ಲೇ ಇದೆ. ಹುಲ್ಲು ಕೊಯ್ಯುವಾಗ ಜಾರಿದ ಲಿಂಗಕ್ಕಿಂತ ಕೈಯ ಕಾಯಕ ದೊಡ್ಡದೆಂದು ನಡೆದ ಚಂದಯ್ಯನವರ ಕತೆಗೆ ಜನ ತೋರಿಸುವುದು ಈ ಕೆರೆಯನ್ನೇ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಇಪ್ಪತ್ತನೆಯ ಶತಮಾನದಲ್ಲಿ ಇಲ್ಲಿ ಅನುಭವ ಮಂಟಪ ಎಬ್ಬಿಸಿದರು. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಹಿರಿಯರು ಅವರು. 2021ರ ಜನವರಿ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಇಟ್ಟರು. ಗೊ.ರು. ಚನ್ನಬಸಪ್ಪ ಅವರ ನೇತೃತ್ವದ ಸಮಿತಿಯ ಸಲಹೆಯಂತೆ ರೂಪುಗೊಂಡ ಯೋಜನೆಯಲ್ಲಿ ಮಂಟಪದ ಎತ್ತರ 182 ಅಡಿ, ಕಂಬಗಳು 770.

ಕಲ್ಯಾಣಕ್ಕೆ ಬರುವವರ ಸಂಖ್ಯೆ ಇನ್ನು ಹೆಚ್ಚಲಿದೆ. ಇಷ್ಟು ದೊಡ್ಡ ಕಟ್ಟಡದ ನೆರಳಿನಲ್ಲಿ ಕೆರೆಯನ್ನು ಮರೆಯಬಾರದು. ತ್ರಿಪುರಾಂತದಲ್ಲಿ ದೋಣಿವಿಹಾರ ಬೇಕೆಂಬ ಬೇಡಿಕೆ ಹೊಸದಲ್ಲ. ನಾವೂ ಅದನ್ನು ಬೆಂಬಲಿಸುತ್ತೇವೆ. ಶರಣರಲ್ಲಿ ಅಂಬಿಗರ ಚೌಡಯ್ಯನವರೂ ಇದ್ದರು. ದೋಣಿ ನಡೆಸುವ ಕೈಗೆ ವಚನಕಾರನ ಗೌರವ ಕೊಟ್ಟ ಪರಂಪರೆಯ ಊರಿನಲ್ಲಿ ದೋಣಿ ಬಿಡುವುದು ಕಾಯಕದ ಗೌರವಕ್ಕೆ ತಕ್ಕಂತೆ ಇರಬೇಕು. ಹುಟ್ಟು ಹಾಕುವ ದೋಣಿಗಳಿರಲಿ, ಕಾಲಲ್ಲಿ ತುಳಿಯುವ ದೋಣಿಗಳಿರಲಿ. ಎಂಜಿನ್ನಿನ ಎಣ್ಣೆ, ಧ್ವನಿವರ್ಧಕದ ಅಬ್ಬರ ಆ ನೀರಿಗೆ ಬೇಡ. ವಚನ ಓದಲು ಬಂದವರೂ ಮಕ್ಕಳನ್ನು ಆಡಿಸಲು ಬಂದವರೂ ಒಂದೇ ದಂಡೆಯಲ್ಲಿ ಕೂಡುವಷ್ಟು ಜಾಗ ಅಲ್ಲಿದೆ.

ಈ ಮೂರು ಊರುಗಳನ್ನು ಬಿಟ್ಟರೆ ನಮ್ಮ ತಾಲೂಕುಗಳಲ್ಲೇ ನೀರಿಲ್ಲವೇ? ಇದೆ. ನಿಲಂಗಾ ತಾಲೂಕಿನ ಮಸಲಗಾ, ಉದಗೀರ ಕಡೆಯ ದೇವರ್ಜನ, ಉಮರ್ಗಾದ ತುರೋರಿ, ಜಕಾಪುರ, ಬೆಣ್ಣೆತೊರೆಯ ಮಧ್ಯಮ ಯೋಜನೆಗಳು, ಲೋಹಾರಾ ತಾಲೂಕಿನ ಮಾಕಣಿಯಲ್ಲಿ ತೇರಣೆಗೆ ಅಡ್ಡ ಕಟ್ಟಿದ ದೊಡ್ಡ ಜಲಾಶಯ. ಇವುಗಳ ಜೊತೆ ಊರೂರಿಗೆ ಪಾಝರ ತಲಾವಗಳು (ನೀರು ಇಂಗಿಸುವ ಕೆರೆಗಳು). ಅವುಗಳಲ್ಲಿ ಎಷ್ಟೋ 1972ರ ಬರದ ಕಾಲದವು. ಆ ವರ್ಷ ಮಹಾರಾಷ್ಟ್ರದಲ್ಲಿ ಲಕ್ಷಗಟ್ಟಲೆ ಜನ ಬರ ಕಾಮಗಾರಿಗೆ ಇಳಿದರು. ಮಿಲೋ ಜೋಳದ ರೊಟ್ಟಿ, ಸುಕಡಿ ತಿಂದು, ಕೂಸನ್ನು ಗಿಡದ ನೆರಳಿಗೆ ಮಲಗಿಸಿ ಬುಟ್ಟಿ ಹೊತ್ತ ಹೆಂಗಸರು ಕಟ್ಟಿದ ಒಡ್ಡುಗಳು ಅವು. ಮುಂದೆ ರಾಜ್ಯದ ಉದ್ಯೋಗ ಖಾತ್ರಿ ಕಾನೂನಿಗೆ, ದೇಶದ 2005ರ ಕಾನೂನಿಗೂ ಆ ಅನುಭವವೇ ಬುನಾದಿಯಾಯಿತು. ಸಲಿವನ್, ಲೆವಿಂಜ್ ಹೆಸರು ಕೆರೆಯ ಚರಿತ್ರೆಯಲ್ಲಿ ಉಳಿದಿದೆ. ನಮ್ಮ ತಲಾವಗಳನ್ನು ಕಟ್ಟಿದ ಅಜ್ಜಿಯರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಪ್ರತಿ ಒಡ್ಡಿನ ತಲೆಯಲ್ಲಿ ಒಂದು ಫಲಕ ನಿಲ್ಲಲಿ, ಅದರಲ್ಲಿ ವರ್ಷವೂ ದುಡಿದ ಊರುಗಳ ಹೆಸರೂ ಇರಲಿ ಎಂದು ನಾವು ಒತ್ತಾಯಿಸುತ್ತೇವೆ.

ಮಾಕಣಿಯ ಹೆಸರು ಬಂದಾಗ 1993 ನೆನಪಾಗದೆ ಇರದು. ಆ ವರ್ಷ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಮಲಗಿದ್ದ ಊರುಗಳ ಮೇಲೆ ಕಿಲ್ಲಾರಿಯ ಭೂಕಂಪ ಎರಗಿತು. ಔಸಾ, ಉಮರ್ಗಾ, ನಿಲಂಗಾ ಸೀಮೆಯ ಮಣ್ಣು–ಕಲ್ಲಿನ ಮನೆಗಳು ಕುಸಿದು ಹತ್ತು ಸಾವಿರದ ಹತ್ತಿರ ಜನ ಸತ್ತರು. 52 ಊರುಗಳನ್ನು ಬೇರೆ ಜಾಗದಲ್ಲಿ ಕಟ್ಟಬೇಕಾಯಿತು. ಮಾಕಣಿ ಜಲಾಶಯದ ನೀರಿನ ಭಾರಕ್ಕೂ ಭೂಕಂಪಕ್ಕೂ ನಂಟಿದೆಯೇ ಎಂದು ವಿಜ್ಞಾನಿಗಳು ಚರ್ಚಿಸಿದರು, ಅಭಿಪ್ರಾಯ ಒಂದಾಗಲಿಲ್ಲ. ಆದರೆ ಜನರ ಮನಸ್ಸಿನಲ್ಲಿ ದೊಡ್ಡ ನೀರಿನ ಬಗ್ಗೆ ಒಂದು ಅಳುಕು ಉಳಿಯಿತು. ಇಂಥ ಸೀಮೆಯಲ್ಲಿ ದೋಣಿಯ ಮಾತು ಆಡುವವರು ಆ ಅಳುಕನ್ನು ಅರಿತು ಆಡಬೇಕು. ಮಾಕಣಿಯ ಹಿನ್ನೀರಿನಲ್ಲಿ ಮೊಮ್ಮಕ್ಕಳು ನಗುವ ದಿನ ಬಂದರೆ ಅದು ಈ ಸೀಮೆ ಚೇತರಿಸಿಕೊಂಡದ್ದಕ್ಕೆ ದೊಡ್ಡ ಸಾಕ್ಷಿ. ಹಾಗೆ ಬರಬೇಕಾದರೆ ಸುರಕ್ಷೆಯಲ್ಲಿ ಎಳ್ಳಷ್ಟೂ ಕೊರತೆ ಆಗಬಾರದು.

ಸುರಕ್ಷೆಯ ಖಾತೆಯಲ್ಲಿ ಈ ದಶಕ ಕಹಿಯಾದ ಲೆಕ್ಕ ಬಿಟ್ಟುಹೋಗಿದೆ. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಜನ ಸತ್ತರು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಮುಳುಗಿದರು. ಅಳತೆ ಮೀರಿ ಜನರನ್ನು ತುಂಬಿದ್ದರು, ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇರಲಿಲ್ಲ. ಅದೇ ವರ್ಷ ಮೇ 21ರ ಸಂಜೆ ನಮ್ಮ ನೆರೆಯ ಉಜನಿ ಜಲಾಶಯದಲ್ಲಿ ಬಿರುಗಾಳಿಗೆ ದೋಣಿ ಮಗುಚಿ ಆರು ಜನ ಸತ್ತರು. ಸಹಲಿಗೆ ಮಕ್ಕಳನ್ನು ಕಳಿಸುವ ತಾಯಂದಿರು ಈ ಸುದ್ದಿಗಳನ್ನು ಮರೆತಿಲ್ಲ. ಒಳನಾಡು ದೋಣಿಗಳಿಗೆ 2021ರಲ್ಲೇ ಸಂಸತ್ತು ಹೊಸ ಕಾನೂನು ಮಾಡಿದೆ. ನೋಂದಣಿ, ತಪಾಸಣೆ, ವಿಮೆ ಎಲ್ಲವೂ ಅದರಲ್ಲಿವೆ. ಕಾನೂನು ದೊಡ್ಡ ನದಿಗಳಿಗೆ ಮಾತ್ರ ಎಂದು ಯಾರೂ ಕೈತೊಳೆದುಕೊಳ್ಳಬಾರದು. ಜಾಕೆಟ್ ಇಲ್ಲದವರನ್ನು ಹತ್ತಿಸದಿರುವುದು, ಗಾಳಿ ಎದ್ದಾಗ ದೋಣಿ ಬಿಡದಿರುವುದು, ಎಷ್ಟು ಜನ ಕೂರಬಹುದು ಎಂಬುದನ್ನು ದೋಣಿಯ ಮೈಮೇಲೆ ಕನ್ನಡ–ಮರಾಠಿ ಎರಡರಲ್ಲೂ ಬರೆಯುವುದು, ದಂಡೆಯಲ್ಲಿ ಈಜು ಬಲ್ಲವರು ಕಾಯುವುದು: ಇಷ್ಟು ಮಾಡಲಾಗದ ಕಡೆ ದೋಣಿ ಬೇಡವೇ ಬೇಡ.

ದೋಣಿ ನಡೆಸುವವರು ಯಾರಾಗಬೇಕು ಎಂಬುದಕ್ಕೂ ಈ ದಶಕವೇ ಉತ್ತರ ಕೊಟ್ಟಿದೆ. 2025ರ ಸೆಪ್ಟೆಂಬರಿನಲ್ಲಿ ಮರಾಠವಾಡಾದ ಮೇಲೆ ಮಳೆ ಮುರಿದುಬಿತ್ತು. ಮಾಂಜರಾ, ತೇರಣಾ, ಸೀನಾ ಉಕ್ಕಿ ಹರಿದವು. ಸೋಯಾಬೀನ್, ತೊಗರಿ ಕೊಳೆತವು, ಹೊಲದ ಮಣ್ಣು ಕೊಚ್ಚಿಹೋಯಿತು, ದನಕರು ಸತ್ತವು. ಸಿಕ್ಕಿಬಿದ್ದ ಜನರನ್ನು ರಕ್ಷಣಾ ಪಡೆಗಳು ದೋಣಿಗಳಲ್ಲಿ ದಾಟಿಸಿದವು. ರೈಲಿನಲ್ಲಿ ನೀರು ಬರುವುದರಿಂದ ಶುರುವಾದ ದಶಕ, ನೀರಿನಿಂದ ಜನರನ್ನು ಎತ್ತುವುದರಲ್ಲಿ ಮುಗಿಯಿತು. ದೂರದಿಂದ ಪಡೆ ಬರುವ ತನಕ ಹಳ್ಳಿಗೆ ಆಸರೆಯಾಗುವವರು ನೀರು ಬಲ್ಲ ಸ್ಥಳೀಯರು. ನಮ್ಮ ತಲಾವಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಸಹಕಾರ ಸಂಘಗಳು ಪಡೆದಿವೆ. ಭೋಯಿ, ಕೋಳಿ, ಅಂಬಿಗರ ಮನೆತನಗಳು ಅವುಗಳಲ್ಲಿವೆ. ವಿಹಾರದ ದೋಣಿಗಳನ್ನು ಅವರ ಸಂಘಗಳಿಗೇ ಒಪ್ಪಿಸಿ, ತರಬೇತಿ ಕೊಟ್ಟರೆ ರಜೆಯ ದಿನ ಅವರಿಗೆ ಗಳಿಕೆ, ನೆರೆಯ ದಿನ ಊರಿಗೆ ರಕ್ಷಣೆ. ಗುತ್ತಿಗೆದಾರ ಹೊರಗಿನಿಂದ ಬಂದು, ಋತು ಮುಗಿದ ಮೇಲೆ ದೋಣಿ ಹೊತ್ತುಕೊಂಡು ಹೋದರೆ ಈ ಎರಡರಲ್ಲಿ ಒಂದೂ ದಕ್ಕುವುದಿಲ್ಲ.

ಗಳಿಕೆಯ ಪುಟದಲ್ಲಿ ಬರೆಯಬೇಕಾದ ಇನ್ನೊಂದು ಸಂಗತಿ ಹೆಣ್ಣುಮಕ್ಕಳ ತಿರುಗಾಟ. 2023ರ ಮಾರ್ಚಿನಿಂದ ಮಹಾರಾಷ್ಟ್ರದ ಎಸ್‌ಟಿ ಬಸ್ಸುಗಳಲ್ಲಿ ಮಹಿಳೆಯರಿಗೆ ಅರ್ಧ ಟಿಕೆಟ್. ಅದೇ ವರ್ಷ ಜೂನ್ 11ರಿಂದ ಕರ್ನಾಟಕದಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ. ಮನೆ, ಹೊಲ, ಬಾವಿ ಬಿಟ್ಟು ಬೇರೆ ದಾರಿ ಕಾಣದಿದ್ದ ಹೆಂಗಸರು ಬಚತ ಗಟದ (ಸ್ವಸಹಾಯ ಸಂಘದ) ಗೆಳತಿಯರ ಜೊತೆ ಬಸ್ಸು ಹತ್ತತೊಡಗಿದರು. ಆದರೆ ಎರಡೂ ಸವಲತ್ತುಗಳು ರಾಜ್ಯದ ಗಡಿಗೆ ನಿಲ್ಲುತ್ತವೆ. ನಿಲಂಗಾದ ಹೆಣ್ಣುಮಗಳು ಗಡಿಯ ತನಕ ಅರ್ಧ ಹಣಕ್ಕೆ ಹೋಗಿ, ಅಲ್ಲಿಂದ ಕಲ್ಯಾಣಕ್ಕೆ ಪೂರ್ತಿ ಹಣ ಕೊಡಬೇಕು. ಆಳಂದದವಳು ನಳದುರ್ಗ ನೋಡಬೇಕೆಂದರೆ ಅವಳ ಉಚಿತ ಪ್ರಯಾಣವೂ ಗಡಿಯಾಚೆ ನಡೆಯದು. ಕೆಲವೇ ಮೈಲಿಗಳ ಈ ದಾರಿಗಳಿಗೆ ಎರಡೂ ರಾಜ್ಯಗಳ ಸಾರಿಗೆ ಸಂಸ್ಥೆಗಳು ಕೂಡಿ ಒಪ್ಪಂದ ಮಾಡಿಕೊಂಡರೆ ಅವುಗಳಿಗೆ ದೊಡ್ಡ ಹೊರೆಯಾಗದು. ಉದಗೀರ, ಕಮಲನಗರ, ಭಾಲ್ಕಿ, ಬೀದರ ಒಂದೇ ರೈಲು ಮಾರ್ಗದಲ್ಲಿವೆ. ರಜೆಯ ದಿನಗಳಲ್ಲಿ ಆ ಮಾರ್ಗವನ್ನು ಕೋಟೆ–ಕೆರೆಗಳ ಪ್ರವಾಸಕ್ಕೆ ಜೋಡಿಸುವ ಯೋಚನೆಗೆ ಹೊಸ ಹಳಿ ಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಕೇಳಬೇಕಾದ ಒಂದು ಪ್ರಶ್ನೆ ಉಳಿಯುತ್ತದೆ. ಕುಡಿಯಲು ನೀರು ಸಾಲದ ಸೀಮೆಯಲ್ಲಿ ದೋಣಿವಿಹಾರದ ಬಗ್ಗೆ ಸಂಪಾದಕೀಯ ಬರೆಯುವುದು ಸರಿಯೇ? ಸರಿ ಎಂದು ನಾವು ತಿಳಿದಿದ್ದೇವೆ. ವರ್ಷಕ್ಕೆ ಸರಾಸರಿ 700–800 ಮಿಲಿಮೀಟರ್ ಮಳೆ ಬೀಳುವ ನಾಡು ಇದು, ಮರುಭೂಮಿಯಲ್ಲ. ಬಿದ್ದ ನೀರು ನಿಲ್ಲುವ ಜಾಗಗಳು ಹೂಳಿನಿಂದ ತುಂಬಿವೆ, ನಿಂತ ನೀರಿನಲ್ಲಿ ದೊಡ್ಡ ಪಾಲು ಕಬ್ಬಿಗೆ ಹೋಗುತ್ತದೆ. ನೀರಿನ ಜೊತೆ ಜನರ ನಂಟು ಕೊಡ ತುಂಬುವುದಕ್ಕೆ, ಪಂಪು ಹಚ್ಚುವುದಕ್ಕೆ ಮಾತ್ರ ಉಳಿದರೆ ಕೆರೆ ಯಾರದೂ ಅಲ್ಲದ್ದಾಗುತ್ತದೆ. ಅಂಗಳದ ತಿಪ್ಪೆ ಅಲ್ಲಿಗೇ ಹೋಗುತ್ತದೆ. ಮಕ್ಕಳು ದೋಣಿಯಲ್ಲಿ ಕುಳಿತು ಕಂಡ ಕೆರೆಗೆ, ಹಬ್ಬದ ದಿನ ಸಾವಿರ ಜನ ಸೇರುವ ಕೆರೆಗೆ ಹೊಲಸು ಸುರಿಯಲು ಕೈ ಹಿಂಜರಿಯುತ್ತದೆ. ಸಿದ್ಧೇಶ್ವರ ಕೆರೆ ಎಂಟು ಶತಮಾನ ಉಳಿದದ್ದಕ್ಕೆ ಆ ಜಾತ್ರೆಯ ಪಾಲೂ ಇದೆ. ವಿಹಾರವು ಕೆರೆಗೆ ಕಾವಲುಗಾರರನ್ನು ಹುಟ್ಟಿಸುತ್ತದೆ ಎಂಬುದೇ ಅದನ್ನು ಬೆಂಬಲಿಸಲು ನಮ್ಮ ಮೊದಲ ಕಾರಣ.

ಹಾಗಾಗಲು ಕ್ರಮ ಮುಖ್ಯ. ಮೊದಲು ಹೂಳು ತೆಗೆಯಬೇಕು. ಮಹಾರಾಷ್ಟ್ರದಲ್ಲಿ ಜಲಾಶಯದ ಹೂಳನ್ನು ರೈತರ ಹೊಲಕ್ಕೆ ಹಾಕುವ ಯೋಜನೆ 2017ರಲ್ಲಿ ಶುರುವಾಯಿತು; ಅದು ಕಡತದಿಂದ ಪ್ರತಿ ತಲಾವಕ್ಕೂ ಇಳಿಯಲಿ. ಎರಡನೆಯದಾಗಿ ಪ್ರತಿ ಕೆರೆಗೂ ಮೇ ತಿಂಗಳಲ್ಲಿ ಉಳಿಯಲೇಬೇಕಾದ ನೀರಿನ ಮಟ್ಟ ಗೊತ್ತುಮಾಡಿ, ಅದಕ್ಕಿಂತ ಕೆಳಗೆ ಪಂಪು ಓಡದಂತೆ ನೋಡಿಕೊಳ್ಳಬೇಕು. ಆ ನೀರು ಮೊದಲು ಕುಡಿಯುವವರದು, ಆಮೇಲೆ ದನಕರುಗಳದು, ಕೊನೆಗೆ ದೋಣಿಯದು. ಮೂರನೆಯದಾಗಿ ಬಚ್ಚಲ ನೀರು ಕೆರೆ ಸೇರುವ ಮುನ್ನವೇ ಶುದ್ಧವಾಗಬೇಕು. ಇಷ್ಟಾದ ಮೇಲೆ ದೋಣಿ ಬರಲಿ, ಟಿಕೆಟ್ಟಿನ ಹಣದ ಒಂದು ಪಾಲು ಗ್ರಾಮಸಭೆಯ ಕೆರೆ ನಿಧಿಗೆ ಸೇರಲಿ. ಫಲಕಗಳು ಕನ್ನಡ, ಮರಾಠಿ ಎರಡರಲ್ಲೂ ಇರಲಿ. ನೀರಿನ ಚರಿತ್ರೆ ಹೇಳುವ ಮಾರ್ಗದರ್ಶಕರಾಗಿ ಗಡಿಯ ಎರಡು ಕಡೆಯ ಹುಡುಗ ಹುಡುಗಿಯರಿಗೆ ಕೆಲಸ ಸಿಗಲಿ.

ಹತ್ತು ವರ್ಷಗಳ ಲೆಕ್ಕ ಮುಚ್ಚುವಾಗ ನಮ್ಮ ತೀರ್ಮಾನ ಹೀಗಿದೆ. ಜನ ನೀರಿನ ದಂಡೆಗೆ ಬರುವುದನ್ನು ಕಲಿತರು, ಇದು ನಿಜವಾದ ಗಳಿಕೆ. ಆಳುವವರು ದಂಡೆಯನ್ನು ಸಿಂಗರಿಸಿದಷ್ಟು ಕೆರೆಯ ಹೊಟ್ಟೆಯನ್ನು ನೋಡಲಿಲ್ಲ, ಇದು ಉಳಿದ ಸಾಲ. ಸಿದ್ಧರಾಮನ ಒಡ್ಡರು, ಆದಿಲ್‌ಶಾಹಿಯ ಕಲ್ಲುಕುಟಿಗರು, 1972ರ ಬುಟ್ಟಿ ಹೊತ್ತ ಹೆಂಗಸರು ಈ ಸೀಮೆಗೆ ಬಿಟ್ಟುಹೋದ ಆಸ್ತಿಯನ್ನು ನಾವು ಉಣ್ಣುತ್ತಿದ್ದೇವೆ. ಅದಕ್ಕೆ ನಮ್ಮ ತಲೆಮಾರು ಇನ್ನೂ ಹೆಚ್ಚೇನನ್ನೂ ಸೇರಿಸಿಲ್ಲ. 2036ರಲ್ಲಿ ಮತ್ತೆ ಹೀಗೆ ಲೆಕ್ಕ ತೆಗೆಯುವವರು ಎಷ್ಟು ದೋಣಿ ಬಂದವು ಎಂದು ಎಣಿಸುವ ಮೊದಲು ಮಸಲಗಾದಲ್ಲಿ, ತುರೋರಿಯಲ್ಲಿ, ತ್ರಿಪುರಾಂತದಲ್ಲಿ ಮೇ ತಿಂಗಳಿಗೆ ಎಷ್ಟು ನೀರಿತ್ತು ಎಂದು ನೋಡಲಿ. ಆ ಅಂಕಿ ಏರಿದ್ದರೆ ಮಾತ್ರ ನಮ್ಮ ರಜೆಯ ದಿನಗಳು ಸಾರ್ಥಕವಾದವು ಎನ್ನಬಹುದು.